ಸೀಗಿ ಹುಣ್ಣಿಮೆ ಕಳೆದ ಮೇಲಿನ ಹಾಯಿ: 1623ರ ಒಂದು ತೆಂಕಣ ಪಯಣ

ಸೋಲಾಪುರದಲ್ಲಿ ರೈಲ್ವೆಯ ಸರಕು ಇಳಿಸುವ ಕಟ್ಟೆಗೆ 'ಮಾಲಧಕ್ಕಾ' ಎನ್ನುತ್ತಾರೆ. ಮರಾಠಿಯವರೂ ಅದನ್ನೇ ಅನ್ನುತ್ತಾರೆ, ಕನ್ನಡ ಮನೆಮಾತಿನ ಹಮಾಲರೂ ಅದನ್ನೇ ಅನ್ನುತ್ತಾರೆ. ಈ ಧಕ್ಕಾ ಬೇರೇನೂ ಅಲ್ಲ, ಮುಂಬಯಿಯ ಭಾವೂಚಾ ಧಕ್ಕಾದ ಧಕ್ಕಾ, ಮಂಗಳೂರಿನ ಮೀನುಗಾರರ ಧಕ್ಕೆ. ಹಡಗು ತಾಗಿ ನಿಲ್ಲುವ ಕಟ್ಟೆಯ ಹೆಸರು ಸಮುದ್ರದಿಂದ ನೂರಾರು ಕಿಲೋಮೀಟರು ದೂರದ ಬಯಲಿನಲ್ಲಿ ರೈಲಿನ ಕಟ್ಟೆಗೆ ಬಂದು ಕೂತಿದೆ. ಇದೇ ರೈಲ್ವೆಯಲ್ಲಿ ಬಹುಕಾಲ ಒಂದು ಹುದ್ದೆಯ ಹೆಸರು 'ಖಲಾಸಿ' ಎಂದಿತ್ತು. ಅರಬ್ಬಿ-ಪಾರಸಿ ಮೂಲದ ಈ ಶಬ್ದವನ್ನು ನಮ್ಮ ಕರಾವಳಿಗಳು ಬಳಸಿದ್ದು ಹಡಗಿನ ಆಳಿಗೆ. ಬಂದರು, ಲಂಗರು, ಚುಕ್ಕಾಣಿ ಇವೆಲ್ಲ ಭೀಮಾತೀರದ ಕನ್ನಡಕ್ಕೂ ಅಪರಿಚಿತವಲ್ಲ. ಲಂಗರನ್ನು ಕಣ್ಣಿಂದ ಕಾಣದವರೂ ಆ ಮಾತನ್ನು ಬಲ್ಲರು.

ಆದರೆ ಶಬ್ದಗಳು ತಲುಪಿದಷ್ಟು ಸುಲಭವಾಗಿ ಕರಾವಳಿಯ ಚರಿತ್ರೆ ನಮ್ಮ ಕಡೆಗೆ ತಲುಪಿಲ್ಲ. ತಲುಪಿದ್ದು ಕೂಡ ಎರಡು ತುಂಡಾಗಿ ತಲುಪಿದೆ. ಮರಾಠಿಯಲ್ಲಿ ಬರೆದ ಕೊಂಕಣದ ಚರಿತ್ರೆ ಬಹುಮಟ್ಟಿಗೆ ಗೋವೆಯ ಹತ್ತಿರ ನಿಲ್ಲುತ್ತದೆ, ಕನ್ನಡದಲ್ಲಿ ಬರೆದದ್ದು ಕಾರವಾರದಿಂದ ಆರಂಭವಾಗುತ್ತದೆ. ನಡುವೆ ಗೆರೆ ಎಳೆದವರು ನಾವು. ಹಾಯಿ ಕಟ್ಟಿದವನಿಗೆ ಆ ಗೆರೆ ಇರಲಿಲ್ಲ. ಅವನಿಗಿದ್ದದ್ದು ಋತು, ಗಾಳಿ, ಬಂದರಿನ ಒಡೆಯ ಮತ್ತು ದುಭಾಷಿ. ಈ ನಾಲ್ಕೂ ಕೂಡಿಬಂದಾಗ ಮಾತ್ರ ಬಡಗಣಿಂದ ತೆಂಕಣಕ್ಕೆ ದೀರ್ಘ ಪಯಣ ಸಾಧ್ಯವಾಗುತ್ತಿತ್ತು. ಹಾಗೆ ಕೂಡಿಬಂದ ಒಂದು ಶರದೃತುವಿನ ದಿನದಿನದ ಲೆಕ್ಕ ನಮಗೆ ಉಳಿದಿದೆ. ಅದು 1623ರದು. ಬರೆದವನು ರೋಮಿನ ಶ್ರೀಮಂತ ಪಿಯೆತ್ರೊ ದೆಲ್ಲಾ ವಾಲ್ಲೆ.

ಮೊದಲು ಋತುವಿನ ಮಾತು. ಜ್ಯೇಷ್ಠದಿಂದ ಭಾದ್ರಪದದವರೆಗೆ ಪಶ್ಚಿಮ ಕರಾವಳಿಯ ಬಂದರುಗಳು ಹಾಯಿಹಡಗಿಗೆ ಮುಚ್ಚಿದ ಬಾಗಿಲು. ನೈಋತ್ಯದ ಗಾಳಿ ನೇರವಾಗಿ ದಡಕ್ಕೆ ಹೊಡೆಯುತ್ತದೆ. ದಡದ ಕಡೆಗೆ ಬೀಸುವ ಬಲವಾದ ಗಾಳಿಯಲ್ಲಿ ಸಿಕ್ಕ ಹಡಗಿಗೆ ತಿರುಗಿ ಹೋಗುವ ಜಾಗವಿರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ನದೀಮುಖದ ಮರಳುದಿಬ್ಬ. ಕಾಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿ, ನೇತ್ರಾವತಿ ಎಲ್ಲ ಅಳಿವೆಗಳಲ್ಲೂ ಈ ದಿಬ್ಬ ಉಂಟು. ಮಳೆಗಾಲದಲ್ಲಿ ಅದರ ಮೇಲೆ ಅಲೆ ಒಡೆಯುವಾಗ ಒಳಗಿನ ಹಡಗು ಹೊರಗೆ ಬರಲಾರದು, ಹೊರಗಿನದು ಒಳಗೆ ಹೋಗಲಾರದು. ಶ್ರಾವಣದ ಹುಣ್ಣಿಮೆಗೆ, ಕೊಂಕಣದವರ ನಾರಳಿ ಪೂರ್ಣಿಮೆಗೆ, ನಮ್ಮ ನೂಲ ಹುಣ್ಣಿಮೆಗೆ, ಸಮುದ್ರಕ್ಕೆ ತೆಂಗಿನಕಾಯಿ ಸಲ್ಲಿಸಿ ಋತು ತೆರೆಯಿತೆನ್ನುತ್ತಾರೆ. ಅದು ಮೀನುಗಾರನ ಸಣ್ಣ ದೋಣಿಗೆ ತೆರೆದ ಋತು. ಸರಕು ಹೇರಿಕೊಂಡು ಐದಾರು ಬಂದರು ದಾಟಬೇಕಾದ ಹಡಗಿನ ತಂಡೇಲ ಇನ್ನೂ ಒಂದೂವರೆ-ಎರಡು ತಿಂಗಳು ಕಾಯುತ್ತಿದ್ದ.

ಆಶ್ವಯುಜದ ಹೊತ್ತಿಗೆ ದೊಡ್ಡ ಗಾಳಿ ಅಡಗಿ ದಿನದ ಗಾಳಿ ಆರಂಭವಾಗುತ್ತದೆ. ರಾತ್ರಿ ಕಳೆದು ಬೆಳಗಿನ ತನಕ ನೆಲದ ಕಡೆಯಿಂದ ಮೂಡಣ ಗಾಳಿ, ಮಧ್ಯಾಹ್ನ ಕಳೆದ ಮೇಲೆ ಕಡಲ ಕಡೆಯಿಂದ ವಾಯವ್ಯದ ಗಾಳಿ. ಮೂರು ಮೂಲೆಯ ಹಾಯಿಯ ಪತ್ತೇಮಾರಿ, ಮಚವೆಗಳಿಗೆ ಇವೆರಡೂ ಸಾಕು. ನಸುಕಿನಲ್ಲಿ ನೆಲಗಾಳಿ ಹಿಡಿದು ದಡ ಬಿಟ್ಟು ಹೊರಗೆ ಸರಿಯುವುದು, ಸಂಜೆಯ ಕಡಲಗಾಳಿಯಲ್ಲಿ ತೆಂಕಣಕ್ಕೆ ಓಡುತ್ತ ಮತ್ತೆ ದಡ ಸೇರುವುದು. ಮಳೆಗಾಲದುದ್ದಕ್ಕೂ ಕರಾವಳಿಯ ಗುಂಟ ದಕ್ಷಿಣಕ್ಕೆ ಹರಿಯುವ ಪ್ರವಾಹ ನವೆಂಬರ್ ಹೊತ್ತಿಗೆ ಉತ್ತರಕ್ಕೆ ತಿರುಗುತ್ತದೆ. ಆದ್ದರಿಂದ ತೆಂಕಣಕ್ಕೆ ಹೋಗುವವನಿಗೆ ಅಕ್ಟೋಬರ್ ಒಂದು ಕಿರಿದಾದ ಅನುಕೂಲ: ಅಲೆ ಇಳಿದಿರುತ್ತದೆ, ನೀರು ಇನ್ನೂ ಎದುರಾಗಿರುವುದಿಲ್ಲ. ಪಂಪನ ಬನವಾಸಿಯಿಂದ ಹಿಡಿದು ಕನ್ನಡ ಕಾವ್ಯಕ್ಕೆ ಪ್ರಿಯವಾದ ಗಾಳಿ ತೆಂಕಣದಿಂದ ಬೀಸುವಂಥದ್ದು. ಕನ್ನಡ ಕರಾವಳಿಯ ಹಡಗಿಗೆ ಪ್ರಿಯವಾದದ್ದು ಬಡಗಣದ ಗಾಳಿ. ಕವಿಗಳು ಘಟ್ಟದ ಮೇಲಿದ್ದರು ಎಂಬುದನ್ನು ಇದರಿಂದ ಊಹಿಸಬಹುದೇನೋ.

ಋತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೆಲ್ಲಾ ವಾಲ್ಲೆಗಿಂತ ಎರಡು ಶತಮಾನ ಹಿಂದಿನ ಸಾಕ್ಷಿಯೊಂದಿದೆ. ಹೆರಾತಿನ ಸುಲ್ತಾನ ಶಾಹರುಖನ ರಾಯಭಾರಿ ಅಬ್ದುರ್ ರಜಾಕ್ 1442ರಲ್ಲಿ ಹೊರ್ಮುಜಿನಿಂದ ಹೊರಟ. ಅಲ್ಲಿನ ಅಧಿಕಾರಿಗಳು ಅವನನ್ನು ತಡೆದು ನಿಲ್ಲಿಸಿ, ಪಯಣದ ಒಳ್ಳೆಯ ಕಾಲ ಕಳೆದು, ಬಿರುಗಾಳಿಗೂ ಕಡಲ್ಗಳ್ಳರಿಗೂ ಅಂಜಬೇಕಾದ ಕಾಲದಲ್ಲಿ ಹಡಗು ಹತ್ತಿಸಿದರೆಂದು ಅವನು ಕಹಿಯಾಗಿ ಬರೆದಿದ್ದಾನೆ. ಆ ಕಾಲಕ್ಕೆ ಅವನು ಬಳಸುವ ಶಬ್ದ 'ಮೌಸಮ್'. ಅದೇ ಶಬ್ದ ಪೋರ್ಚುಗೀಸರ ಬಾಯಿಗೆ ಹೋಗಿ ಇಂಗ್ಲಿಷಿನ ಮಾನ್ಸೂನ್ ಆಯಿತು. ಮೂಲದಲ್ಲಿ ಅದರ ಅರ್ಥ ಮಳೆಯಲ್ಲ, ಗೊತ್ತುಪಡಿಸಿದ ಕಾಲ. ಕಲ್ಲಿಕೋಟೆ, ಮಂಗಳೂರುಗಳ ಮೂಲಕ ವಿಜಯನಗರಕ್ಕೆ ಹೋದ ಅವನು ಮರಳುವಾಗ ಹೊನ್ನಾವರದಲ್ಲಿ ಹಡಗಿಗಾಗಿ ಕಾದು 1444ರ ಜನವರಿಯಲ್ಲಿ ಹೊರಟ. ಈ ಬಾರಿ ಕಾಲ ಸರಿಯಾಗಿತ್ತು.

ದೆಲ್ಲಾ ವಾಲ್ಲೆ 1586ರಲ್ಲಿ ಹುಟ್ಟಿದವನು. 1614ರಲ್ಲಿ ವೆನಿಸ್ ಬಿಟ್ಟು ತುರ್ಕಿ, ಈಜಿಪ್ತ, ಪರ್ಷಿಯಾಗಳಲ್ಲಿ ಅಲೆದು, ಬಾಗ್ದಾದಿನ ಕಡೆಯ ಸಿತ್ತಿ ಮಾನಿ ಎಂಬವಳನ್ನು ಮದುವೆಯಾದ. 1621ರಲ್ಲಿ ಪರ್ಷಿಯಾದಲ್ಲಿ ಆಕೆ ತೀರಿಕೊಂಡಳು. ಕೆಡದಂತೆ ಸಂಸ್ಕರಿಸಿದ ಆಕೆಯ ಶವವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ಅವನು 1623ರ ಫೆಬ್ರವರಿಯಲ್ಲಿ ಸೂರತ್ ಮುಟ್ಟಿದ. 1626ರಲ್ಲಿ ರೋಮಿಗೆ ಮರಳಿದ ಮೇಲೆಯೇ ಆ ದೇಹಕ್ಕೆ ಮಣ್ಣು ಸಿಕ್ಕಿತು. ವ್ಯಾಪಾರಿಯಲ್ಲ, ಪಾದ್ರಿಯಲ್ಲ, ಯಾವ ಅರಸನ ನೌಕರನೂ ಅಲ್ಲ. ನೋಡಬೇಕೆಂಬುದಷ್ಟೇ ಅವನ ಕೆಲಸ. ನೇಪಲ್ಸಿನಲ್ಲಿದ್ದ ವೈದ್ಯಮಿತ್ರ ಮಾರಿಯೊ ಸ್ಕಿಪಾನೊನಿಗೆ ಬರೆದ ಪತ್ರಗಳೇ ಅವನ ಗ್ರಂಥ. ಭಾರತದ ಭಾಗ ಅಚ್ಚಾದದ್ದು 1663ರಲ್ಲಿ, ಅವನು ತೀರಿಕೊಂಡು ಹನ್ನೊಂದು ವರ್ಷದ ಮೇಲೆ.

ಏಪ್ರಿಲ್‌ನಲ್ಲಿ ಗೋವೆಗೆ ಬಂದಾಗ ತೆಂಕಣದ ಋತು ಮುಗಿಯುವುದರಲ್ಲಿತ್ತು. ಹೀಗೆ ಆರು ತಿಂಗಳು ಅವನು ಗೋವೆಯಲ್ಲೇ ಉಳಿದ. ಪೋರ್ಚುಗೀಸರ ಗೋವೆ ಅವನಿಗೆ ಸಾಲದು. ಪೋರ್ಚುಗೀಸರ ಆಳ್ವಿಕೆ ಇಲ್ಲದ, ಹಿಂದೂ ಅರಸನೊಬ್ಬನ ನಾಡನ್ನು ನೋಡಬೇಕಿತ್ತು. ಸುಮ್ಮನೆ ಹೊರಟು ಘಟ್ಟ ಹತ್ತುವುದು ಆಗದ ಮಾತು. ಗೋವೆಯ ಸರಕಾರ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಜುವಾಂವ್ ಫೆರ್ನಾಂಡಿಸ್ ಲೈತಾಂವ್ ಎಂಬವನನ್ನು ರಾಯಭಾರಿಯಾಗಿ ಕಳಿಸಲಿದೆ ಎಂದು ತಿಳಿದಾಗ, ದೆಲ್ಲಾ ವಾಲ್ಲೆ ತಾನೂ ಜೊತೆಗೆ ಬರುವೆನೆಂದು ಕೇಳಿಕೊಂಡ. ಅವನ ಯೋಜನೆ ಇಷ್ಟೇ: ಹೊರಡುವವರ ಬೆನ್ನು ಹಿಡಿಯುವುದು.

ರಾಯಭಾರದ ಹಿಂದಿನ ಸಂಗತಿ ಮೆಣಸು ಮತ್ತು ಮಂಗಳೂರು. ಘಟ್ಟದ ಮೆಣಸು ಇಕ್ಕೇರಿಯ ಕೈಯಲ್ಲಿತ್ತು, ಕೊಳ್ಳುವವರು ಪೋರ್ಚುಗೀಸರು. ಅವರ ಮಿತ್ರನಾದ ಬಂಗ ಅರಸನನ್ನು ವೆಂಕಟಪ್ಪ ಮಂಗಳೂರಿನ ಸೀಮೆಯಿಂದ ಓಡಿಸಿದ್ದ. ಆತ ಕಾಸರಗೋಡಿನ ಕಡೆಗೆ ಹೋಗಿ ಕೂತಿದ್ದ. ಬಂಗನಿಗೆ ಎದುರಾಗಿ ನಿಂತ ಉಳ್ಳಾಲದ ರಾಣಿಗೆ ವೆಂಕಟಪ್ಪನ ಬೆಂಬಲವಿತ್ತು. ಗೋವೆ ಗಟ್ಟಿಯಾಗಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಗೋವೆಯ ಊಟದ ಅಕ್ಕಿ ಬರುತ್ತಿದ್ದುದೇ ಮಂಗಳೂರು, ಬಸರೂರು, ಹೊನ್ನಾವರಗಳಿಂದ. ಹೊನ್ನಾವರದಲ್ಲೂ ಬಸರೂರಿನಲ್ಲೂ ಮಂಗಳೂರಿನಲ್ಲೂ ಪೋರ್ಚುಗೀಸ್ ಕೋಟೆಗಳಿದ್ದವು ನಿಜ, ಆದರೆ ಕೋಟೆಯ ಗೋಡೆಯಾಚೆ ನೆಲ ಇನ್ನೊಬ್ಬರದು. ಅಕ್ಕಿಯ ಹಡಗುಗಳು ಒಂಟಿಯಾಗಿ ಓಡಾಡುತ್ತಿರಲಿಲ್ಲ. ಮಲಬಾರಿನ ಕಡಲ ಯೋಧರ ಭಯಕ್ಕೆ ಯುದ್ಧನೌಕೆಗಳ ಕಾವಲಿನಲ್ಲಿ ಗುಂಪಾಗಿ ಹೋಗುತ್ತಿದ್ದವು. ಈ ಗುಂಪಿಗೆ ಪೋರ್ಚುಗೀಸರು ಕೊಟ್ಟ ಹೆಸರು 'ಕಾಫಿಲಾ', ಮರುಭೂಮಿಯ ಒಂಟೆಗಳ ಸಾಲಿನ ಹೆಸರು. ಪರವಾನಗಿ ಚೀಟಿಯಿಲ್ಲದ ಹಡಗನ್ನು ಹಿಡಿದುಕೊಳ್ಳುವುದೂ ಅವರ ರೂಢಿ. ಹೀಗಾಗಿ ತೆಂಕಣಕ್ಕೆ ಹೊರಡುವ ದಿನವನ್ನು ಗಾಳಿಯೊಂದೇ ನಿರ್ಣಯಿಸುತ್ತಿರಲಿಲ್ಲ.

1623ರ ಅಕ್ಟೋಬರ್ 14ರಂದು ಅವರು ಗೋವೆ ಬಿಟ್ಟರು. ಈ ದಿನಾಂಕವನ್ನು ಚಾಂದ್ರಮಾನಕ್ಕೆ ಹೊಂದಿಸಿ ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ಆ ವರ್ಷ ನೂಲ ಹುಣ್ಣಿಮೆ ಆಗಸ್ಟ್ 10ರ ಆಸುಪಾಸಿಗೆ ಬಿದ್ದಿತ್ತು. ವಿಜಯದಶಮಿ ಅಕ್ಟೋಬರ್ ಮೊದಲ ವಾರದಲ್ಲಿ, ಸೀಗಿ ಹುಣ್ಣಿಮೆ ಅದರ ಬೆನ್ನಿಗೆ. ಅಂದರೆ ಹಾಯಿ ಏರಿದ್ದು ಸಮುದ್ರಪೂಜೆಯಾಗಿ ಎರಡು ತಿಂಗಳ ಮೇಲೆ, ಸೀಗಿ ಹುಣ್ಣಿಮೆ ಕಳೆದು ಐದಾರು ದಿನಕ್ಕೆ. ಕೃಷ್ಣಪಕ್ಷದ ಆ ದಿನಗಳಲ್ಲಿ ಚಂದ್ರ ಹುಟ್ಟುವುದು ರಾತ್ರಿ ಹತ್ತರ ಸುಮಾರಿಗೆ. ನೆಲಗಾಳಿ ಬೀಸುವ ಹೊತ್ತಿಗೆ ದಡದ ಗುಡ್ಡಗಳು ಕಾಣುವಷ್ಟು ಬೆಳಕಿರುತ್ತದೆ. ದಡವನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡು ಸಾಗುವವನಿಗೆ ಇದು ಸಣ್ಣ ವಿಷಯವಲ್ಲ. ದೆಲ್ಲಾ ವಾಲ್ಲೆ ತಿಥಿಯ ಮಾತೆತ್ತುವುದಿಲ್ಲ. ಆದರೆ ಹೊನ್ನಾವರ ಮುಟ್ಟಿದ ಮೇಲೆ ಅಕ್ಟೋಬರ್ 24ರಂದು ಅಲ್ಲಿಯ ಜನ 'ದವಾಲಿ' ಹಬ್ಬ ಆಚರಿಸುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಅದು ಅಮಾವಾಸ್ಯೆ-ಪಾಡ್ಯಮಿಗೆ ಸರಿಯಾಗಿ ಹೊಂದುತ್ತದೆ. ಇದನ್ನು ಲೆಕ್ಕ ಹಾಕಿ ನೋಡಿದ ಮೇಲೆ ಅವನ ದಿನಚರಿಯ ಮೇಲಿನ ನನ್ನ ನಂಬಿಕೆ ಹೆಚ್ಚಿತು. ಕೇಳಿದ್ದನ್ನು ಬರೆಯುವ ಪ್ರವಾಸಿಗರು ಬಹಳ. ದಿನ ಹಾಕಿ ಬರೆಯುವವರು ಕಡಿಮೆ.

ಗೋವೆಯಿಂದ ಹೊನ್ನಾವರಕ್ಕೆ ಕಡಲ ಹಾದಿ ಸುಮಾರು 150 ಕಿಲೋಮೀಟರು. ನಾಲ್ಕಾರು ದಿನದೊಳಗೆ ಮುಗಿಯುವ ಈ ಹಾದಿಗೆ ಅವನು ಕಾದದ್ದು ಆರು ತಿಂಗಳು. ಹೊನ್ನಾವರದಲ್ಲಿ ಮತ್ತೆ ಕಾಯುವ ಕೆಲಸ. ಹೊಳೆಯ ಮೇಲೆ ಗೇರುಸೊಪ್ಪೆಗೆ ಹೋಗಬೇಕು, ಅಲ್ಲಿಂದ ಪಲ್ಲಕ್ಕಿ, ಹೊರೆಯಾಳುಗಳೊಂದಿಗೆ ಘಟ್ಟ ಹತ್ತಬೇಕು, ಅದಕ್ಕೆಲ್ಲ ನಾಯಕನ ಕಡೆಯಿಂದ ಏರ್ಪಾಡಾಗಬೇಕು. ಹೊನ್ನಾವರದಿಂದ ಅವನು ಬರೆದ ಪತ್ರದ ತಾರೀಖು ಅಕ್ಟೋಬರ್ 30. ಅದಾದ ಮೇಲೆ ಹಸಿರು ದಡಗಳ ನಡುವೆ ಶರಾವತಿಯಲ್ಲಿ ಗೇರುಸೊಪ್ಪೆಯತ್ತ ಸಾಗಿದ್ದನ್ನು ಮನಸಾರೆ ಹೊಗಳಿದ್ದಾನೆ. ಗೇರುಸೊಪ್ಪೆ ಆಗಲೇ ಹಾಳು ಬಿದ್ದಿತ್ತು. ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದ ಚೆನ್ನಭೈರಾದೇವಿಯ ಊರು ಅದು. ಇಕ್ಕೇರಿಯವರು ಗೆದ್ದ ಮೇಲೆ ಊರಿನ ಜಾಗದಲ್ಲಿ ಮರಗಿಡ ಬೆಳೆದಿದ್ದವು.

ದುಭಾಷಿಯ ವಿಷಯಕ್ಕೆ ಬರೋಣ. ನಮ್ಮಂಥ ಗಡಿಭಾಷಿಕರು ನಿಂತು ನೋಡಬೇಕಾದದ್ದು ಇಲ್ಲೇ. ವೆಂಕಟಪ್ಪ ನಾಯಕನ ಪರವಾಗಿ ಗೋವೆಗೆ ಬಂದು, ಪೋರ್ಚುಗೀಸ್ ರಾಯಭಾರಿಯ ಜೊತೆ ಮರಳಿದ ವ್ಯಕ್ತಿಯನ್ನು ದೆಲ್ಲಾ ವಾಲ್ಲೆ 'ವಿಟುಲಾ ಸಿನಾಯ್' ಎಂದು ಬರೆಯುತ್ತಾನೆ. ವಿಠಲ ಶೆಣೈ, ಬ್ರಾಹ್ಮಣ. ಶೆಣೈ ಎಂಬ ಉಪನಾಮ ಕೊಂಕಣಿ ಮಾತಾಡುವ ಸಾರಸ್ವತರದು. ಘಟ್ಟದ ಮೇಲಿನ ವೀರಶೈವ ಅರಸು, ಅವನ ಆಸ್ಥಾನದ ಭಾಷೆ ಕನ್ನಡ. ಅವನ ಪರವಾಗಿ ಗೋವೆಯಲ್ಲಿ ಮಾತಾಡುವವನು ಸಾರಸ್ವತ. ಎದುರು ಪಕ್ಷ ಪೋರ್ಚುಗೀಸ್. ಎಲ್ಲವನ್ನೂ ಕೇಳಿ ಇತಾಲಿಯನ್ನಿನಲ್ಲಿ ಬರೆಯುವವನು ಪರ್ಷಿಯನ್, ತುರ್ಕಿ ಬಲ್ಲ ರೋಮಿನವನು. ವೆಂಕಟಪ್ಪ ಅವನ ಪುಟದಲ್ಲಿ 'ವೆಂಕ್ತಪಾ ನಾಯೇಕ' ಆಗುತ್ತಾನೆ, ದೀಪಾವಳಿ 'ದವಾಲಿ' ಆಗುತ್ತದೆ. ಈ ಕಾಗುಣಿತಗಳನ್ನು ತಪ್ಪೆಂದು ನಗುವ ಬದಲು, ಪ್ರತಿ ಶಬ್ದ ಎಷ್ಟು ಬಾಯಿ ದಾಟಿ ಬಂದಿರಬಹುದೆಂದು ಕೇಳುವುದು ಹೆಚ್ಚು ಫಲಕಾರಿ. 'ದವಾಲಿ' ಎಂಬ ರೂಪ ಕನ್ನಡದ 'ದೀಪಾವಳಿ'ಗಿಂತ ಕೊಂಕಣಿ-ಮರಾಠಿಯ 'ದಿವಾಳಿ'ಗೆ ಹತ್ತಿರ. ಹೊನ್ನಾವರದಲ್ಲಿ ನಿಂತು ಅವನು ಹಬ್ಬದ ಹೆಸರನ್ನು ಕೇಳಿದ್ದು ಯಾರ ಬಾಯಿಂದ ಎಂಬುದಕ್ಕೆ ಆ ಒಂದು ಶಬ್ದವೇ ಸುಳಿವು.

ಹದಿನೇಳನೆಯ ಶತಮಾನದ ಇಕ್ಕೇರಿಯನ್ನು ಯುರೋಪಿಗೆ ಪರಿಚಯಿಸಿದ ಈ ಪುಟಗಳು, ಹೀಗೆ, ಎರಡು ಮೂರು ಭಾಷೆಗಳನ್ನು ಮನೆಯೊಳಗೇ ಇಟ್ಟುಕೊಂಡವರ ಶ್ರಮದ ಮೇಲೆ ನಿಂತಿವೆ. ಅವರಲ್ಲಿ ಹೆಸರು ಉಳಿದವನು ಶೆಣೈ ಒಬ್ಬ. ಹಡಗು ನಡೆಸಿದ ತಂಡೇಲನ ಹೆಸರನ್ನು ನಾವು ಓದುವುದಿಲ್ಲ. ಲಿಂಗಣ್ಣ ಕವಿಯ 'ಕೆಳದಿನೃಪ ವಿಜಯ' ಅರಮನೆಯ ಒಳಗಿನ ನೆನಪು. ದೆಲ್ಲಾ ವಾಲ್ಲೆಯದು ಬಂದರಿನಿಂದ ಅರಮನೆಯ ಬಾಗಿಲವರೆಗಿನ ದಾರಿ. ಘಟ್ಟದ ಮೇಲೆ ಗುಡಿಯ ಪೌಳಿಯಲ್ಲಿ ಹುಡುಗರು ನೆಲದ ಮರಳಿನ ಮೇಲೆ ಅಂಕಿ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡು ಅವನು ನಿಂತು ವಿಚಾರಿಸಿದ. ಆ ಭಾಗ ಶಿಕ್ಷಣದ ಚರಿತ್ರೆಕಾರರಿಗೆ ಚಿರಪರಿಚಿತ. ಅಂಥದ್ದನ್ನು ವಿಚಾರಿಸಲು ಪ್ರಶ್ನೆ ಕೇಳುವ ಒಂದು ಭಾಷೆ, ಉತ್ತರ ತರುವ ಇನ್ನೊಂದು ಭಾಷೆ ಬೇಕು. ಅದನ್ನು ಒದಗಿಸಿದವರು ಪುಟದ ಮೇಲೆ ಕಾಣಿಸಿಕೊಳ್ಳುವುದಿಲ್ಲ.

ಉಳಿದದ್ದನ್ನು ಬೇಗ ಹೇಳಬಹುದು. ಇಕ್ಕೇರಿಯಿಂದ ಬರೆದ ಪತ್ರ ನವೆಂಬರ್ 22ರದು. ಘಟ್ಟ ಇಳಿದು ಮಂಗಳೂರಿನಿಂದ ಬರೆದದ್ದು ಡಿಸೆಂಬರ್ 9ರದು. ಉಳ್ಳಾಲದ ರಾಣಿ ಬರಿಗಾಲಲ್ಲಿ ನಿಂತು ನೀರಿನ ಕಾಲುವೆಯ ಅಗೆತ ಮಾಡಿಸುತ್ತಿದ್ದುದನ್ನು ಅವನು ಕಂಡದ್ದು ಈ ದಿನಗಳಲ್ಲೇ. ಮತ್ತೆ ಹಡಗು ಹತ್ತಿ ಕಲ್ಲಿಕೋಟೆಯವರೆಗೆ ಹೋಗಿ, 1624ರ ಜನವರಿಯಲ್ಲಿ ಗೋವೆಗೆ ಬಂದ. ಹೊರಡುವಾಗ ಗಾಳಿ ಬೆನ್ನಿಗಿತ್ತು, ಮರಳುವಾಗ ಎದುರಿಗೆ. ಬಡಗಣಕ್ಕೆ ಮರಳುವ ಹಡಗು ನೆಲಗಾಳಿಯ ಕೆಲವೇ ತಾಸುಗಳನ್ನು ನೆಚ್ಚಿ ತುಸು ತುಸುವಾಗಿ ಏರಬೇಕು. ತೆಂಕಣ ಪಯಣದ ನಿಜವಾದ ಖರ್ಚು ಮರಳುವ ದಾರಿಯಲ್ಲಿರುತ್ತದೆ.

ಇದೇ ನೀರಿನ ಮೇಲೆ 42 ವರ್ಷಗಳ ತರುವಾಯ ಇನ್ನೊಂದು ತೆಂಕಣ ಪಯಣ ನಡೆಯಿತು. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ಮಾಲವಣದಿಂದ ನೌಕಾಪಡೆಯೊಂದಿಗೆ ಹೊರಟು ಕೆಳದಿ ಸೀಮೆಯ ಬಸರೂರನ್ನು ಕೊಳ್ಳೆ ಹೊಡೆದು, ಗೋಕರ್ಣಕ್ಕೆ ಬಂದು, ಕಾರವಾರದ ಮೂಲಕ ಮರಳಿದರು. ಮರಾಠಿಯಲ್ಲಿ ಇದು ಸ್ವಾರಾಜ್ಯದ ನೌಕಾಬಲದ ಅಧ್ಯಾಯ. ಕನ್ನಡದಲ್ಲಿ ಬಸರೂರಿನ ಸಿರಿಗೆ ಬಿದ್ದ ಪೆಟ್ಟು. ಎರಡೂ ನಿಜ. ನಮ್ಮಲ್ಲಿ ಇವೆರಡನ್ನೂ ಒಂದೇ ಪುಟದಲ್ಲಿ ಇಡುವವರು ವಿರಳ. ಅಕ್ಕಲಕೋಟೆ, ದಕ್ಷಿಣ ಸೋಲಾಪುರ ತಾಲೂಕುಗಳ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲಿ ಅಚ್ಚು ಹಾಕಿಸುವ ಪಠ್ಯವನ್ನು. ಅವರ ನಾಲ್ಕನೆಯ ತರಗತಿಯ ಇತಿಹಾಸದ ಕೇಂದ್ರ ಶಿವಾಜಿ ಮಹಾರಾಜರ ಚರಿತ್ರೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಭಾಷೆ ಒಂದು, ನೆನಪು ಇನ್ನೊಂದು ಆಗಿ ಬೆಳೆಯುವುದು ಗಡಿಯಲ್ಲಿ ಹೊಸತೂ ಅಲ್ಲ. ಆದರೆ ಕನ್ನಡ ಲಿಪಿಯಲ್ಲಿ ಸಿಂಧುದುರ್ಗವನ್ನು ಓದುವ ಅಕ್ಕಲಕೋಟೆಯ ಹುಡುಗಿ ಮತ್ತು ಇಕ್ಕೇರಿಯನ್ನು ಓದುವ ಶಿರಸಿಯ ಹುಡುಗಿ ಒಂದೇ ಕಡಲ ಹಾದಿಯ ಎರಡು ತುದಿ ಹಿಡಿದು ಕೂತಿದ್ದಾರೆ. ಎರಡೂ ಭಾಷೆಗಳ ದಾಖಲೆ ಓದಬಲ್ಲ ಸೋಲಾಪುರದಂಥ ಊರಿನವರು ಆ ಹಾದಿಯನ್ನು ಪೂರ್ತಿಯಾಗಿ ಬರೆಯದಿದ್ದರೆ ಬೇರೆ ಯಾರು ಬರೆದಾರು?

ಸೋಲಾಪುರಕ್ಕೂ ಆ ಕಡಲಿಗೂ ನೇರ ನಂಟು ಇಲ್ಲದಿಲ್ಲ. ಚಾಂದಬೀಬಿಯ ಮದುವೆಯ ಬಳುವಳಿಯಾಗಿ ಸೋಲಾಪುರದ ಕೋಟೆ ಪಡೆದ ಬಿಜಾಪುರದ ಆದಿಲಶಾಹಿಗೆ ದಾಭೋಳದಿಂದ ಕಾರವಾರದವರೆಗೆ ಬಂದರುಗಳಿದ್ದವು. ಇನ್ನೂ ಹತ್ತಿರದ ನಂಟು ಹತ್ತಿಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಅರಳೆ ಎತ್ತಿನ ಮೇಲೆ, ಆಮೇಲೆ ಬಂಡಿಗಳಲ್ಲಿ, ಘಟ್ಟ ಇಳಿದು ಕುಮಟೆಗೆ ಹೋಗಿ ಪತ್ತೇಮಾರಿಗಳಲ್ಲಿ ಮುಂಬಯಿಗೆ ಸಾಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಲೋಕದ ಮಾರುಕಟ್ಟೆಯಲ್ಲಿ ಆ ತಳಿಗೆ 'ಕುಮಟಾ ಹತ್ತಿ' ಎಂದೇ ಹೆಸರು ನಿಂತಿತು. ಅಮೆರಿಕೆಯ ಅಂತರ್ಯುದ್ಧದ ವರ್ಷಗಳಲ್ಲಿ, 1861ರಿಂದ 1865ರವರೆಗೆ, ಈ ಸಾಗಾಟ ಬಹಳ ಏರಿತು. ಹತ್ತಿ ಬಿಡಿಸುವುದು ಫೆಬ್ರವರಿ-ಮಾರ್ಚ್‌ನಲ್ಲಿ, ಬಂದರು ಮುಚ್ಚುವುದು ಮೇ ಮುಗಿಯುವಾಗ. ಬಿಡಿಸಿ, ಕಾಳು ತೆಗೆದು, ಘಟ್ಟ ಇಳಿಸಿ, ಹಡಗಿಗೇರಿಸಲು ಸಿಗುವುದು ಎರಡು ಎರಡೂವರೆ ತಿಂಗಳು. ತಪ್ಪಿಸಿಕೊಂಡ ಅಂಡಿಗೆ ಕುಮಟೆಯಲ್ಲೇ ಮಳೆಗಾಲ ಕಳೆಯಬೇಕು. ಅದನ್ನು ಒಯ್ಯುವ ಖಾಲಿ ಹಡಗು ಮುಂಬಯಿಯಿಂದ ಸೆಪ್ಟೆಂಬರ್-ಅಕ್ಟೋಬರ್‌ನ ಗಾಳಿಗೆ ತೆಂಕಣಕ್ಕೆ ಬಂದಾಗಲೇ ಸಾಹುಕಾರನ ಹಣ ಬಿಡುಗಡೆ. ವ್ಯಾಪಾರಿಯ ಬಡ್ಡಿಯ ಲೆಕ್ಕದಲ್ಲೂ ಸೀಗಿ ಹುಣ್ಣಿಮೆಗೆ ಬೆಲೆಯಿತ್ತು.

1860ರಲ್ಲಿ ಮುಂಬಯಿಯ ರೈಲು ಸೋಲಾಪುರಕ್ಕೆ ಬಂತು. 1871ರಲ್ಲಿ ಅಕ್ಕಲಕೋಟೆ ರಸ್ತೆಯ ಮೇಲಿಂದ ರಾಯಚೂರು ಮುಟ್ಟಿತು. 1884ರ ಸುಮಾರಿಗೆ ಹೊಟಗಿಯಿಂದ ಬಿಜಾಪುರ ದಾಟಿ ಗದಗಕ್ಕೆ ಮೀಟರ್ ಗೇಜ್ ಹಳಿ ಬಿತ್ತು. ಸೋಲಾಪುರದ ಮಗ್ಗುಲಿನ, ಕನ್ನಡದ ಊರಾದ ಹೊಟಗಿಯಲ್ಲಿ ಗದಗಿನ ಕಡೆಯ ಹತ್ತಿ ಸಣ್ಣ ಬಂಡಿಯಿಂದ ದೊಡ್ಡ ಬಂಡಿಗೆ ಬದಲಾಗಿ ಮುಂಬಯಿಗೆ ಹೋಗಬಹುದಾಯಿತು. 1888ರಲ್ಲಿ ಮುರಗಾಂವ ಬಂದರಿನ ರೈಲು ಕೂಡ ಘಟ್ಟ ಹತ್ತಿತು. ಕುಮಟೆಯ ಅಳಿವೆಯಲ್ಲಿ ಪತ್ತೇಮಾರಿಗಳ ಸಾಲು ಕರಗುತ್ತ ಹೋಯಿತು. ಮಳೆಗಾಲದಲ್ಲೂ ಓಡುವ ಬಂಡಿಯ ಎದುರು ಹಾಯಿಯ ಋತುವಿಗೆ ಬೆಲೆ ಉಳಿಯಲಿಲ್ಲ. ಕುಮಟೆಯ ಧಕ್ಕೆಯಲ್ಲಿ ಇಳಿಸಿ ಏರಿಸಬೇಕಿದ್ದ ಅಂಡಿಗೆಗಳನ್ನು ಹೊಟಗಿಯ ಮಾಲಧಕ್ಕಾದಲ್ಲಿ ಹಮಾಲರು ಹೆಗಲು ಬದಲಿಸಿ ಏರಿಸತೊಡಗಿದರು.